ಬೆರಳಚ್ಚು

ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟ ಅಂಗಡಿ ನನ್ನದು,
ಎಂಟಡಿ ಉದ್ದ, ಆರಡಿ ಅಗಲ.
ಬೋರ್ಡಿನ ಮೇಲೆ ಇನ್ನೂ 'ಬೆರಳಚ್ಚು' ಅಂತಲೇ ಇದೆ
ಟೈಪ್‌ರೈಟರ್ ಗುಜರಿಗೆ ಹೋಗಿ ಹದಿನೆಂಟು ವರ್ಷವಾದರೂ.
ಬಾಡಿಗೆ ಕರಾರು, ಹೆಸರು ತಿದ್ದುಪಡಿ, ಕಳೆದ ಮಾರ್ಕ್ಸ್‌ಕಾರ್ಡು,
ದಾವಣಗೆರೆಯ ಅರ್ಧ ಸುಳ್ಳು, ಅರ್ಧ ಸಂಕಟ
ಈ ಹತ್ತು ಬೆರಳ ಸಂದಿಯಲ್ಲೇ ಹಾದುಹೋಗಿವೆ.

ಜುಲೇಖಾ ಬಂದದ್ದು ಮಂಡಕ್ಕಿ ಭಟ್ಟಿಯಿಂದ ನೇರ.
ಹುಬ್ಬಿನ ಮೇಲೆ ಹೊಟ್ಟು,
ಸೆರಗಿನಲ್ಲಿ ಸುತ್ತಿದ ಹೊಸ ಪಾಸ್‌ಪೋರ್ಟು.
ಗಂಡ ದಾದಾಪೀರ್ ಪೋಲೆಂಡಿನಲ್ಲಿ,
ಬ್ರೆಡ್ ಫ್ಯಾಕ್ಟರಿಯ ರಾತ್ರಿ ಪಾಳಿ.
ಆ ಊರನ್ನು ಬರೆಯುವುದೇ ಒಂದು, ಕರೆಯುವುದೇ ಒಂದು:
ಬರೆದರೆ ಲೋಡ್ಜ್, ಕರೆದರೆ ವುಚ್.
"ಅಲ್ಲೂ ಹತ್ತಿ ಮಿಲ್ಲಿದ್ವಂತೆ ಅಣ್ಣಾ, ನಮ್ಮೂರ ಥರಾನೇ.
ಮುಚ್ಚಿದ್ದೂ ನಮ್ಮೂರ ಥರಾನೇ."

ತಾತ್ಕಾಲಿಕ ವಾಸದ ಪರವಾನಗಿಗೆ ಅರ್ಜಿ.
ಮನೆತನದ ಹೆಸರು? ಇಲ್ಲ.
ಅಪ್ಪನ ಹೆಸರನ್ನೇ ಎತ್ತಿ ಆ ಖಾನೆಗೆ ಕೂರಿಸಿದೆ,
ಬಸ್ಸಿನಲ್ಲಿ ಮುದುಕರಿಗೆ ಸೀಟು ಮಾಡಿಕೊಟ್ಟಂತೆ.
ಎತ್ತರ? ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಟೇಪು ಹಿಡಿದೆ.
ಕಣ್ಣಿನ ಬಣ್ಣ?
"ನಂಗೇನ್ ಗೊತ್ತು, ನೀವೇ ನೋಡಿ ಬರೀರಿ."
ಹದಿನೆಂಟು ವರ್ಷದಲ್ಲಿ ಯಾರ ಕಣ್ಣನ್ನೂ ನೋಡಿರಲಿಲ್ಲ ನಾನು,
ನೋಡುವುದು ಸಹಿಯನ್ನು, ಸ್ಟಾಂಪ್ ಪೇಪರಿನ ತಾರೀಖನ್ನು.
ಕಪ್ಪಲ್ಲ. ಹುರಿದ ಕಡಲೆಯ ಸಿಪ್ಪೆ.
ಕಂದು ಎಂದು ಹೊಡೆದು
ಸುಮ್ಮನೆ ಫ್ಯಾನಿನ ವೇಗ ಹೆಚ್ಚಿಸಿದೆ.

ಗುರುತಿನ ಚಿಹ್ನೆ?
ತೋಳು ಸರಿಸಿ ತೋರಿಸಿದಳು: ಕಾದ ಮರಳು ಸಿಡಿದದ್ದು,
ಬಾಣಲೆ ತಾಗಿದ್ದು, ಇನ್ನೊಂದು ಯಾವಾಗಿನದೋ.
"ಎಷ್ಟ್ ಬರೀಬೋದು?"
ಒಂದೇ ಸಾಲಿತ್ತು ಜಾಗ.

ಬೆಂಗಳೂರಿಗೆ ಹೋಗಿ ಬೆರಳು ಕೊಡಬೇಕು,
ಇಲ್ಲೊಮ್ಮೆ ನೋಡೇಬಿಡೋಣ ಎಂದು ಯಂತ್ರ ಮುಂದಿಟ್ಟೆ.
ಹೆಬ್ಬೆರಳು. ಕೆಂಪು ದೀಪ.
ತೋರುಬೆರಳು. ಕೆಂಪು.
ನಿಂಬೆಹಣ್ಣು ಉಜ್ಜಿದೆವು, ಒದ್ದೆ ಬಟ್ಟೆ, ತಲೆಗೂದಲ ಎಣ್ಣೆ.
ಹತ್ತೂ ಬೆರಳು ಹೊಳೆಯ ಕಲ್ಲಿನ ಹಾಗೆ ನುಣುಪು.
ಒಂಬತ್ತು ವರ್ಷ ಕಾದ ಮರಳು ಜರಡಿ ಹಿಡಿದದ್ದಕ್ಕೆ
ಮರಳು ತನ್ನ ಪಾಲು ತಗೊಂಡಿತ್ತು.

"ಹದಿನೈದು ದಿನ ಭಟ್ಟಿ ಬಿಡವ್ವ, ಗೆರೆ ವಾಪಸ್ ಬರ್ತಾವೆ."
"ಕೂಲಿ ಯಾರ್ ಕೊಡ್ತಾರೆ, ಪೋಲೆಂಡ್ನೋರಾ?"

ಆದರೂ ಬಿಟ್ಟಳು.
ಹದಿನಾರನೇ ದಿನ ಅಂಗೈ ಅಗಲಿಸಿ ಬಂದಳು,
ಮಗಳಿಗೆ ಹಲ್ಲು ಬಂತೆಂದು ತೋರಿಸುವವಳಂತೆ.
ಬಿತ್ತಿದ ಹೊಲದ ಮೊದಲ ಸಾಲು, ತೀರ ತೆಳುವಾಗಿ.
ಏಳು ಬೆರಳಿಗೆ ಹಸಿರು ದೀಪ.
ಮೂರಕ್ಕೆ ಇಲ್ಲ.

ಏಳು ಸಾಕು ಅನ್ನಿಸುತ್ತೆ, ಅಂದೆ.
"ಎಷ್ಟ್ ದಿನಕ್ಕಣ್ಣಾ ಈ ತಾತ್ಕಾಲಿಕ?"
ಮೂರು ವರ್ಷ.
ನಕ್ಕಳು. ಮಗ್ಗುಲ ಅಂಗಡಿಯ ಚನ್ನವೀರಯ್ಯ ಇಣುಕಿ ನೋಡುವಷ್ಟು.
"ಮೂರ್ ವರ್ಷ! ನಮ್ಮ ಮನೆ ಮಾಲೀಕ
ಹನ್ನೊಂದೇ ತಿಂಗ್ಳು ಬರ್ಕೊಡ್ತಾನೆ."

ಆ ಕರಾರು ಹೊಡೆದವನು ನಾನೇ. ಐದು ಸಲ.
ಈ ಅಂಗಡಿಯದ್ದೂ ಹನ್ನೊಂದೇ.

ಬೆಂಗಳೂರಿನ ದಿನಕ್ಕೆ ಇನ್ನೂ ನಾಲ್ಕು ವಾರ.
ಅಲ್ಲಿವರೆಗೆ ಮರಳು ಮುಟ್ಟಬೇಡ ಎಂದು
ಎರಡು ಸಲ ಹೇಳಿ ಕಳಿಸಿದ್ದೆ.
ಸಂಜೆ ಆ ಕಡೆ ಹೋದೆ, ಮಂಡಕ್ಕಿ ಕೊಳ್ಳುವ ನೆಪ.
ಹೊಗೆಯೊಳಗೆ ಸಾಲು ಹೆಂಗಸರು, ಜರಡಿಯ ಸದ್ದು.
ಮೂರನೆಯವಳು ಜುಲೇಖಾ,
ಎರಡೂ ಕೈಗೆ ಮಗನ ಸ್ಕೂಲಿನ ಬಿಳಿ ಸಾಕ್ಸು.
ಹಿಮ್ಮಡಿಯ ಜಾಗ ಹರಿದು ಅವಳ ಹೆಬ್ಬೆರಳು ಹೊರಗಿತ್ತು.
ಅದು ಹೇಗೂ ಯಂತ್ರ ಒಪ್ಪದ ಬೆರಳು.